ಶಾಖೆಯ ಹೊರಗಿನ ಓದು



ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾದ ದಿನದಿಂದ ಕಾಲೇಜಿನ ಪ್ರವೇಶ ಮುಗಿಯುವವರೆಗೆ ನಮ್ಮ ಸೀಮೆಯ ಮನೆಗಳಲ್ಲಿ ಒಂದೇ ಚಿಂತೆ. ಮಗನಿಗೆ ಯಾವ ಶಾಖೆ ಸಿಕ್ಕೀತು, ಮಗಳಿಗೆ ಯಾವ ಕೋರ್ಸು ಹೊಂದೀತು, ಶುಲ್ಕವೆಷ್ಟು, ಮುಂದೆ ನೌಕರಿಯ ಗತಿಯೇನು. ಆದಿತ್ಯನಗರದ ಕಾರ್ಖಾನೆಯ ವಸತಿಗಳಲ್ಲಿ, ಸೇಡಂ ಚಿತ್ತಾಪುರಗಳ ಪೇಟೆಯಲ್ಲಿ, ವಾಡಿ ಶಹಾಬಾದಗಳ ಓಣಿಗಳಲ್ಲಿ, ಚಿಂಚೋಳಿಯ ತೊಗರಿ ಹೊಲಗಳ ಅಂಚಿನ ಹಳ್ಳಿಗಳಲ್ಲಿ ಈ ಚಿಂತೆಗೆ ಭೇದವಿಲ್ಲ. ಸಿಮೆಂಟಿನ ಧೂಳಿನ ನಡುವೆ ಮೂರು ಪಾಳಿಗಳಲ್ಲಿ ದುಡಿದು ಮನೆ ನಡೆಸಿದ ತಂದೆ ತನ್ನ ಮಗನ ಹೊಟ್ಟೆಪಾಡಿನ ಬಗ್ಗೆ ಯೋಚಿಸುವುದು ಸಹಜವೇ ಸರಿ. ಅದನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ವಿದ್ಯಾರ್ಥಿಯು ಯಾವ ಶಾಖೆಗೆ ಸೇರಿದವನಾದರೂ ಕಡ್ಡಾಯವಾಗಿ ಓದಲೇಬೇಕಾದ ಕೆಲವು ಪಾಠಗಳು ಪ್ರತಿಯೊಂದು ಪದವಿಯ ಪಠ್ಯಕ್ರಮದಲ್ಲಿಯೂ ಇರುತ್ತವೆ. ಭಾಷೆ, ಸಂವಿಧಾನ, ಪರಿಸರ, ಹೀಗೆ. ಅವುಗಳ ಮೇಲೆ ಮಾತ್ರ ಮನೆಯವರ ಕಣ್ಣೂ ಬೀಳುವುದಿಲ್ಲ, ಮಕ್ಕಳ ಕಣ್ಣೂ ಬೀಳುವುದಿಲ್ಲ.

ಈಚೆಗೆ ಪ್ರವಚನ ಮುಗಿಸಿ ಏಳುತ್ತಿದ್ದಾಗ ಭಕ್ತೆಯೊಬ್ಬರು ಹತ್ತಿರ ಬಂದು ಕೇಳಿದರು: "ಅಯ್ಯನವರೇ, ಮಗಳು ಬಿ.ಎಸ್ಸಿ.ಗಿ ಹೋಗ್ಯಾಳ್ರಿ. ಆಕಿಗಿ ಸಂವಿಧಾನ ಯಾಕ ಬೇಕ್ರಿ? ಅದೇ ಹೊತ್ತು ಗಣಿತಕ್ಕ ಇಟ್ಟರ ನಾಕು ಮಾರ್ಕು ಹೆಚ್ಚು ಬರ್ತಾವಲ್ರಿ." ಆ ತಾಯಿಯ ಪ್ರಶ್ನೆಯಲ್ಲಿ ಹುರುಳಿಲ್ಲವೆನ್ನಲಾಗದು. ನಾಲ್ಕು ಅಂಕಗಳ ಬೆಲೆ ಏನೆಂಬುದು ಪ್ರವೇಶದ ಸಾಲಿನಲ್ಲಿ ನಿಂತವರಿಗೇ ಗೊತ್ತು. ಅಂದು ಜನರ ನಡುವೆ ನಿಂತು ಎರಡು ಮಾತಿನಲ್ಲಿ ಉತ್ತರ ಕೊಟ್ಟು ಮುಗಿಸುವ ವಿಷಯ ಅದಾಗಿರಲಿಲ್ಲವಾದ್ದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಡುತ್ತಿದ್ದೇನೆ.

ಎಲ್ಲ ಶಾಖೆಯವರಿಗೂ ಸಾಮಾನ್ಯವಾದ ಓದು ಬೇಕೆಂಬ ವಿಚಾರ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯವು ಮೊದಲನೆಯ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ತನ್ನ ಎಲ್ಲ ವಿದ್ಯಾರ್ಥಿಗಳೂ ನಾಗರಿಕತೆಯ ಇತಿಹಾಸ ಮತ್ತು ವಿಚಾರಧಾರೆಗಳನ್ನು ಓದಬೇಕೆಂದು ಗೊತ್ತುಮಾಡಿತು. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಇದೇ ವಿಷಯದ ಬಗ್ಗೆ ದೊಡ್ಡದೊಂದು ವರದಿ ಪ್ರಕಟಿಸಿತು. ಎರಡೂ ಯುದ್ಧದ ಬೆನ್ನಿಗೇ ಬಂದುವೆಂಬುದು ಗಮನಿಸತಕ್ಕದ್ದು. ಶಾಸ್ತ್ರದಲ್ಲಿ ನಿಪುಣರಾದವರು ಮನುಷ್ಯನ ವಿಷಯದಲ್ಲಿ ಕುರುಡರಾದರೆ ಏನಾದೀತೆಂಬುದನ್ನು ಆಗ ಲೋಕ ಕಣ್ಣಾರೆ ಕಂಡಿತ್ತು. ನಮ್ಮಲ್ಲಿ ಡಾ. ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು 1949ರ ತನ್ನ ವರದಿಯಲ್ಲಿ ಸಾಮಾನ್ಯ ಶಿಕ್ಷಣವನ್ನು ತಡಮಾಡದೆ ಕಾಲೇಜುಗಳಲ್ಲಿ ಆರಂಭಿಸಬೇಕೆಂದು ಸಲಹೆ ಮಾಡಿತು. ಅದಕ್ಕೂ ಮೊದಲು, ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯ ಭಾಷೆ ಉರ್ದು. ಅಲ್ಲಿ ಮುಸ್ಲಿಂ ವಿದ್ಯಾರ್ಥಿಗಳಿಗೆ ಧರ್ಮಶಾಸ್ತ್ರ, ಉಳಿದವರಿಗೆ ನೀತಿಶಾಸ್ತ್ರ ಕಡ್ಡಾಯವಾಗಿದ್ದುವು. ಆದಕಾರಣ 'ಶಾಖೆಯ ಹೊರಗಿನ ಪಾಠ' ಎಂಬುದು ಕಲಬುರಗಿ ಸೀಮೆಯ ಹಿರಿಯ ಪೀಳಿಗೆಗೆ ಹೊಸ ಸಂಗತಿಯೇನೂ ಆಗಿರಲಿಲ್ಲ.

ಈಚಿನ ವರ್ಷಗಳ ಏರುಪೇರುಗಳನ್ನು ಮಾತ್ರ ತಂದೆತಾಯಂದಿರು ತಿಳಿದಿರಬೇಕು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021-22ರಲ್ಲಿ ಎಲ್ಲ ರಾಜ್ಯಗಳಿಗಿಂತ ಮುಂಚಿತವಾಗಿ ಪದವಿ ತರಗತಿಗಳಿಗೆ ತಂದುದು ಕರ್ನಾಟಕವೇ. ಆಗ 'ಮುಕ್ತ ಆಯ್ಕೆ'ಯೆಂಬ ಹೊಸ ಪತ್ರಿಕೆ ಬಂದಿತು. ವಿದ್ಯಾರ್ಥಿ ತನ್ನ ಶಾಖೆಗೆ ಸೇರದ ಒಂದು ವಿಷಯವನ್ನು ಮೊದಲ ನಾಲ್ಕು ಸೆಮಿಸ್ಟರುಗಳಲ್ಲಿ ಓದಬೇಕು. ಅದಕ್ಕೆ ಮೂರು ಕ್ರೆಡಿಟ್ಟು. ರಸಾಯನಶಾಸ್ತ್ರದ ವಿದ್ಯಾರ್ಥಿ ಇತಿಹಾಸ ಓದಬಹುದು, ಕನ್ನಡ ಮೇಜರ್ ತೆಗೆದುಕೊಂಡವಳು ಹಣಕಾಸಿನ ಲೆಕ್ಕ ಕಲಿಯಬಹುದು. ಇದರ ಜೊತೆಗೆ ಬಂದ ನಾಲ್ಕು ವರ್ಷಗಳ ಪದವಿಯೂ ಕನ್ನಡವನ್ನು ಕಡ್ಡಾಯಗೊಳಿಸಿದ ಆದೇಶವೂ ವಾದಕ್ಕೆ ಗುರಿಯಾದುವು. ಭಾಷೆಯ ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಸರಕಾರ ಬದಲಾದ ಮೇಲೆ ಪ್ರೊ. ಸುಖದೇವ ಥೋರಟ್ ಅವರ ಆಯೋಗ ರಚನೆಯಾಗಿ, ಅದರ ಮಧ್ಯಂತರ ವರದಿಯ ಮೇರೆಗೆ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು, ಹಿಂದಿನ ಚೌಕಟ್ಟು ಹೋಯಿತು. ಆಯೋಗ 2025ರ ಆಗಸ್ಟಿನಲ್ಲಿ ಅಂತಿಮ ವರದಿಯನ್ನೂ ಸಲ್ಲಿಸಿತು. ಹೀಗೆ ನಾಲ್ಕೇ ವರ್ಷಗಳ ಅಂತರದಲ್ಲಿ ಒಂದೇ ಮನೆಯ ಅಕ್ಕ ಒಂದು ಪಠ್ಯಕ್ರಮ, ತಮ್ಮ ಇನ್ನೊಂದು ಪಠ್ಯಕ್ರಮ ಓದುವಂತಾಯಿತು.

ಯಾವ ನೀತಿ ಮೇಲು, ಯಾವುದು ಕೀಳು ಎಂಬ ರಾಜಕೀಯದ ಚರ್ಚೆಗೆ ಈ ಅಂಕಣ ಸ್ಥಳವಲ್ಲ. ಮುಕ್ತ ಆಯ್ಕೆಯೆಂಬುದು ಒಳ್ಳೆಯ ಆಲೋಚನೆಯೇ. ಆದರೆ ಗ್ರಾಮಾಂತರದ ಕಾಲೇಜುಗಳಲ್ಲಿ ಆ ಆಯ್ಕೆ ಎಷ್ಟು ಮುಕ್ತವಾಗಿತ್ತು? ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡ ಕಾಲೇಜಿನಲ್ಲಿ ಯಾರು ಸಿಕ್ಕರೋ ಅವರು ಬಲ್ಲ ವಿಷಯವೇ ಆಯ್ಕೆಯಾಗುತ್ತಿತ್ತು. ವಿದ್ಯಾರ್ಥಿಗಳೂ ಸುಲಭವಾಗಿ ಅಂಕ ಬರುವುದು ಯಾವುದೆಂದು ಹಿಂದಿನ ವರ್ಷದವರನ್ನು ಕೇಳಿ ಗುರುತು ಹಾಕುತ್ತಿದ್ದರು. ನಾಲ್ಕು ಸೆಮಿಸ್ಟರಿನಲ್ಲಿ ನಾಲ್ಕು ದಿಕ್ಕಿನ ನಾಲ್ಕು ಚೂರು. ಎಲ್ಲದರ ರುಚಿ ನೋಡಿದವನ ಹೊಟ್ಟೆ ಯಾವುದರಿಂದಲೂ ತುಂಬುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಹತ್ತು ವಿಷಯಗಳನ್ನು ಮುಟ್ಟಿಸುವುದಕ್ಕಿಂತ ಎರಡನ್ನು ನೆಟ್ಟಗೆ ಕಲಿಸುವುದು ಮೇಲು. ಆ ಎರಡನ್ನು ವಿದ್ಯಾರ್ಥಿಯ ಕಾಲಕೆಳಗಿನ ನೆಲದಿಂದಲೇ ಕಲಿಸಿದರೆ ಇನ್ನೂ ಮೇಲು. ಈ ವಿಷಯದಲ್ಲಿ ನಮ್ಮ ಐದು ಊರುಗಳ ಸೀಮೆಯಷ್ಟು ಭಾಗ್ಯವಂತವಾದ ಸೀಮೆ ಕರ್ನಾಟಕದಲ್ಲಿ ವಿರಳ.

ಪರಿಸರದ ಪತ್ರಿಕೆಯನ್ನೇ ನೋಡೋಣ. ಇದನ್ನು ಯಾರೋ ಪಠ್ಯಪುಸ್ತಕದ ವ್ಯಾಪಾರಿಗಳು ತಂದು ತುರುಕಿದರೆಂದು ಕೆಲವು ಹುಡುಗರು ತಿಳಿದಿದ್ದಾರೆ. ಎಂ.ಸಿ. ಮೆಹ್ತಾ ಎಂಬ ವಕೀಲರು ಹೂಡಿದ್ದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಬೋಧಿಸಬೇಕೆಂದು ನಿರ್ದೇಶನ ಕೊಟ್ಟಿತು. ವರ್ಷಗಳು ಉರುಳಿದರೂ ಕೆಲಸ ಸಾಗದಿದ್ದಾಗ 2003ರಲ್ಲಿ ಮತ್ತೆ ಕಟ್ಟುನಿಟ್ಟಾಗಿ ಹೇಳಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು ಎಲ್ಲ ಶಾಖೆಗಳ ಪದವಿ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಆರು ತಿಂಗಳ ಪಾಠಕ್ರಮದಲ್ಲಿ ಐವತ್ತು ಉಪನ್ಯಾಸಗಳಿದ್ದು, ಅವುಗಳಲ್ಲಿ ಐದರಷ್ಟು ಹೊತ್ತು ತರಗತಿಯ ಹೊರಗೆ ಹೋಗಿ ನದಿಯನ್ನೋ ಬೆಟ್ಟವನ್ನೋ ಕೆಟ್ಟುಹೋದ ನೆಲವನ್ನೋ ಕಣ್ಣಾರೆ ಕಾಣಬೇಕೆಂದು ವಿಧಿಸಿತ್ತು. ನಡೆದುದೇನು? ಸೇಡಮಿನ ವಿದ್ಯಾರ್ಥಿ ಅಂಗಡಿಯಲ್ಲಿ ಸಿಗುವ ಗೈಡು ಕೊಂಡು ಗಂಗಾನದಿಯ ಮಾಲಿನ್ಯದ ಬಗ್ಗೆ ನಾಲ್ಕು ಪುಟ ಬರೆದ. ತಾನು ದಿನವೂ ದಾಟುವ ಕಾಗಿಣಾ ನದಿಯ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ.

ನಮ್ಮ ನೆಲದಡಿಯ ಸುಣ್ಣದಕಲ್ಲು ನಮಗೆ ಅನ್ನವನ್ನೂ ಕೊಟ್ಟಿದೆ, ಧೂಳನ್ನೂ ಕೊಟ್ಟಿದೆ. ಶಹಾಬಾದದ ಕಲ್ಲು ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಾಗಿದೆ. ಶಹಾಬಾದ, ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟಿನ ಕಾರ್ಖಾನೆಗಳು ಎದ್ದುದೂ ಆ ಕಲ್ಲಿನಿಂದಲೇ. ಆದಿತ್ಯನಗರ ಹುಟ್ಟಿದ್ದೂ ರಾಜಶ್ರೀ ಸಿಮೆಂಟಿನ ಕಾರ್ಖಾನೆಯಿಂದ. ಆ ಕಲ್ಲನ್ನು ಕುಲುಮೆಯಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಶುದ್ಧವಾದ ಸುಣ್ಣದಕಲ್ಲು ನೂರು ಕಿಲೋ ಸುಟ್ಟರೆ ಉಳಿಯುವ ಸುಣ್ಣ 56 ಕಿಲೋ; ಮಿಕ್ಕ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಉರುವಲಿನ ಹೊಗೆ ಬೇರೆ. ಈ ಲೆಕ್ಕ ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಬಾಯಿಪಾಠ. ಆದರೆ ಗ್ರಾಮಸಭೆಯಲ್ಲಿ ಗಣಿಯ ವಿಷಯ ಬಂದಾಗ ಎದ್ದು ನಿಂತು ಮಾತನಾಡುವವನು ಬಹುಮಟ್ಟಿಗೆ ಕಲಾವಿಭಾಗದಲ್ಲಿ ಓದಿದ ಹುಡುಗ. ಅವನಿಗೆ ಈ ಲೆಕ್ಕ ಗೊತ್ತಿಲ್ಲ. ಲೆಕ್ಕ ಗೊತ್ತಿರುವವನು ಸಭೆಗೆ ಬರುವುದಿಲ್ಲ. ಕಾರ್ಖಾನೆಯನ್ನು ಸುಮ್ಮನೆ ಬೈಯುವುದಾಗಲಿ, ಉದ್ಯೋಗ ಕೊಟ್ಟಿದೆಯೆಂದು ಸುಮ್ಮನೆ ಹೊಗಳುವುದಾಗಲಿ ಇದರಿಂದಲೇ ಹುಟ್ಟುತ್ತದೆ. ಎರಡಕ್ಕೂ ನಡುವೆ ತಿಳಿದವರ ಮಾತೊಂದು ಇರಬೇಕಷ್ಟೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುವುದಿದೆ. ಸಾಮಾನ್ಯ ಶಿಕ್ಷಣವೆಂದ ಕೂಡಲೆ ಎಂಜಿನಿಯರಿಂಗ್ ಹುಡುಗರಿಗೆ ಸ್ವಲ್ಪ ಸಾಹಿತ್ಯ, ಸ್ವಲ್ಪ ನೀತಿ ಕಲಿಸುವುದೆಂದೇ ಎಲ್ಲರೂ ತಿಳಿಯುತ್ತಾರೆ. ನಮ್ಮಂಥ ಶಾಸ್ತ್ರ ಓದಿದವರಿಗೆ ಈ ತಿಳಿವಳಿಕೆ ಹಿತವಾಗಿಯೂ ಇರುತ್ತದೆ, ಏಕೆಂದರೆ ಕಲಿಯಬೇಕಾದವರು ಅವರು, ಕಲಿಸುವವರು ನಾವು! ನ್ಯಾಯ ಹಾಗಿಲ್ಲ. ಸಾಹಿತ್ಯ ಓದುವವನಿಗೆ ಶೇಕಡಾವಾರು ಲೆಕ್ಕ ತಿಳಿಯದಿದ್ದರೆ, ಸಾಲದ ಚಕ್ರಬಡ್ಡಿ ಹೇಗೆ ಬೆಳೆಯುತ್ತದೆಂಬುದು ಗೊತ್ತಿಲ್ಲದಿದ್ದರೆ, ಔಷಧಿಯ ಚೀಟಿಯ ಮೇಲಿನ ಪ್ರಮಾಣ ಓದಲು ಬಾರದಿದ್ದರೆ, ಅದೂ ಅಷ್ಟೇ ದೊಡ್ಡ ಕೊರತೆ.

ಈ ಮಾತಿಗೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಆದಿತ್ಯನಗರದ ಮಗ್ಗುಲಲ್ಲೇ ಮಳಖೇಡವಿದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕನ್ನಡದ ಲಭ್ಯ ಗ್ರಂಥಗಳಲ್ಲಿ ಮೊದಲನೆಯದಾದ 'ಕವಿರಾಜಮಾರ್ಗ' ರಚಿತವಾಯಿತೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಅದೇ ರಾಜನನ್ನು ತನ್ನ ಗ್ರಂಥದ ಆರಂಭದಲ್ಲಿ ಕೊಂಡಾಡಿ 'ಗಣಿತಸಾರಸಂಗ್ರಹ'ವನ್ನು ಬರೆದ ಮಹಾವೀರಾಚಾರ್ಯನ ಹೆಸರನ್ನು ಮಳಖೇಡದ ಆಸುಪಾಸಿನ ಪದವೀಧರರೇ ಅರಿಯರು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವನು ಆತ. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಾಗಿ ಆಯ್ದುಕೊಳ್ಳಬಹುದೆಂಬುದಕ್ಕೆ ಇಂದು ಪಿ.ಯು.ಸಿ. ಮಕ್ಕಳು ಕಲಿಯುವ ಸೂತ್ರವನ್ನು ಸಾಮಾನ್ಯ ರೂಪದಲ್ಲಿ ಕೊಟ್ಟವನೂ ಅವನೇ. ಆ ಗ್ರಂಥದ ಮೊದಲ ಅಧ್ಯಾಯದಲ್ಲಿ ಆತ ಗಣಿತ ಎಲ್ಲೆಲ್ಲಿ ಬೇಕಾಗುತ್ತದೆಂದು ಹೇಳುತ್ತ ಹೋಗುತ್ತಾನೆ: ಅರ್ಥಶಾಸ್ತ್ರಕ್ಕೆ ಬೇಕು, ಸಂಗೀತಕ್ಕೆ ಬೇಕು, ನಾಟಕಕ್ಕೆ, ಅಡುಗೆಗೆ, ವೈದ್ಯಕ್ಕೆ, ಮನೆ ಕಟ್ಟುವ ವಿದ್ಯೆಗೆ, ಛಂದಸ್ಸಿಗೆ, ಅಲಂಕಾರಕ್ಕೆ, ಕಾವ್ಯಕ್ಕೆ, ತರ್ಕಕ್ಕೆ, ವ್ಯಾಕರಣಕ್ಕೂ ಬೇಕು. ಗಣಿತಜ್ಞನೊಬ್ಬ ತನ್ನ ಶಾಸ್ತ್ರದ ಬಾಗಿಲಲ್ಲಿ ನಿಂತು ಉಳಿದ ಶಾಸ್ತ್ರಗಳನ್ನೆಲ್ಲ ಹೆಸರು ಹಿಡಿದು ಕರೆದಂತಿದೆ ಅದು. ಅದೇ ಕಾಲದಲ್ಲಿ ಶಾಕಟಾಯನ ವ್ಯಾಕರಣ ಬರೆದು ಅದರ ವೃತ್ತಿಗೆ ರಾಜನ ಹೆಸರಿಟ್ಟ. ಜಿನಸೇನ ಪುರಾಣ ಬರೆಯುತ್ತಿದ್ದ. ಮುಂದೆ ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗಣಿತವನ್ನು ತೆಲುಗು ಪದ್ಯಕ್ಕೆ ತಂದ. ಹನ್ನೆರಡರಲ್ಲಿ ರಾಜಾದಿತ್ಯ ಕನ್ನಡದಲ್ಲಿಯೇ 'ವ್ಯವಹಾರಗಣಿತ' ರಚಿಸಿದ. ಅಂದಿನವರಿಗೆ ಗಣಿತವನ್ನು ಪದ್ಯದಲ್ಲಿ ಬರೆಯುವುದು ವಿಚಿತ್ರವೆನಿಸಲಿಲ್ಲ. ಕಲಾವಿಭಾಗ, ವಿಜ್ಞಾನವಿಭಾಗ ಎಂಬ ಗೋಡೆ ಈ ನೆಲದಲ್ಲಿ ಬಹಳ ಈಚಿನದು.

ಇನ್ನು ಆ ತಾಯಿ ಕೇಳಿದ ಸಂವಿಧಾನದ ಪತ್ರಿಕೆ. ನಮ್ಮ ಸೀಮೆಯ ಯಾವ ಮನೆಯಲ್ಲಿ ಇಂದು 371(ಜೆ) ಎಂಬ ಹೆಸರು ಕೇಳಿಬರುವುದಿಲ್ಲ? ಪ್ರವೇಶದ ಕಾಲ ಬಂದರೆ ಆ ಪ್ರಮಾಣಪತ್ರಕ್ಕಾಗಿ ಕಚೇರಿಗೆ ಅಲೆದಾಟ, ದಾಖಲೆಗಳ ಜೆರಾಕ್ಸು. ಸಂವಿಧಾನಕ್ಕೆ ತೊಂಬತ್ತೆಂಟನೆಯ ತಿದ್ದುಪಡಿಯಾಗಿ 2012ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದ ವಿಧಿಯದು. ಅದರ ಆಧಾರದ ಮೇಲೆ 2013ರಿಂದ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳ ಶೇಕಡಾ 70ರಷ್ಟು ಸ್ಥಾನಗಳು, ರಾಜ್ಯದ ಇತರ ಭಾಗದ ಸಂಸ್ಥೆಗಳಲ್ಲಿ ಶೇಕಡಾ 8ರಷ್ಟು ಸ್ಥಾನಗಳು ನಮ್ಮ ಮಕ್ಕಳಿಗೆ ಮೀಸಲಾದುವು. ಅದು ತಾನಾಗಿ ಬಂದು ಬೀಳಲಿಲ್ಲ. ಚಿಂಚೋಳಿಯ ಶಾಸಕರಾಗಿದ್ದ ಮಾಜಿ ಸಚಿವ ವೈಜನಾಥ ಪಾಟೀಲರಂಥವರು ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಅವರು 2019ರಲ್ಲಿ ತೀರಿಕೊಂಡರು. ಆ ವಿಧಿಯ ಬಲದಿಂದಲೇ ಎಂಜಿನಿಯರಿಂಗ್ ಸ್ಥಾನ ಪಡೆದ ಹುಡುಗ, ಸಂವಿಧಾನದ ತರಗತಿಗೆ ಮಾತ್ರ ಚಕ್ಕರ್ ಹೊಡೆಯುತ್ತಾನೆ. ಆ ವಿಧಿ ಏಕೆ ಬಂತು, ಅದನ್ನು ಯಾರು ಹೇಗೆ ಬದಲಿಸಬಲ್ಲರು, ಅನ್ಯಾಯವಾದರೆ ಯಾವ ಬಾಗಿಲು ತಟ್ಟಬೇಕು ಎಂದು ಕೇಳಿದರೆ ಉತ್ತರವಿಲ್ಲ. ಮನೆಯ ಹೊಲದ ಪಹಣಿಯನ್ನು ಓದಲಾರದವನ ಹೊಲ ಎಷ್ಟು ದಿನ ಅವನದಾಗಿ ಉಳಿದೀತು?

ಹೊಲದ ಮಾತು ಬಂದುದರಿಂದ ಇನ್ನೊಂದನ್ನೂ ಹೇಳುತ್ತೇನೆ. ಶಹಾಬಾದದ ಸಮೀಪದ ಮರತೂರು ವಿಜ್ಞಾನೇಶ್ವರನ ಊರೆಂದು ವಿದ್ವಾಂಸರು ಗುರುತಿಸಿದ್ದಾರೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಆತ ಯಾಜ್ಞವಲ್ಕ್ಯಸ್ಮೃತಿಗೆ ಬರೆದ 'ಮಿತಾಕ್ಷರಾ' ಎಂಬ ವ್ಯಾಖ್ಯಾನವು ಬಂಗಾಳವೊಂದನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಆಸ್ತಿಯ ವಿಭಾಗಕ್ಕೆ ಶತಮಾನಗಳ ಕಾಲ ಆಧಾರವಾಗಿತ್ತು. ಹಿರಿಯರ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬುದು ಅದರ ಪ್ರಸಿದ್ಧವಾದ ನಿರ್ಣಯ. ಆ ಹಕ್ಕಿನಲ್ಲಿ ಮಗಳಿಗೆ ಪಾಲಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಬಂದಾಗ ಅದು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಎತ್ತಿಹೇಳಿಯೇ ನಮ್ಮನ್ನು ತನ್ನ ವ್ಯಾಪ್ತಿಯಲ್ಲಿ ತಂದುಕೊಂಡಿತು. ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದು, ಅಂದಿಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕನ್ನು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯ ಭೇದವನ್ನೂ ಅಳಿಸಿತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದುದು ಎಂದು ತೀರ್ಪಿತ್ತಿತು.

ಇದೆಲ್ಲ ವಕೀಲರ ಓದಲ್ಲವೆ ಎಂದು ಕೇಳಬಹುದು. ನನಗೆ ತಿಳಿದ ಭಕ್ತರ ಮನೆಯೊಂದರಲ್ಲಿ ತಂದೆ ತೀರಿಕೊಂಡ ಕೆಲ ದಿನಗಳಲ್ಲಿ ಎಂಜಿನಿಯರನಾದ ಮಗ ತಂಗಿಯಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡ. ತಂಗಿ ಎಂ.ಎಸ್ಸಿ. ಓದಿದವಳು. ಹುಡುಗ ದುಷ್ಟನಲ್ಲ, ಹೀಗೇ ಮಾಡಬೇಕೆಂದು ಯಾರೋ ಹೇಳಿದರು, ಮಾಡಿದ. ಹುಡುಗಿಯೂ ಅಣ್ಣ ಹೇಳಿದನೆಂದು ಓದದೆ ರುಜು ಹಾಕಿದಳು. ನಾಲ್ಕು ವರ್ಷದ ಮೇಲೆ ಅವಳ ಗಂಡನಿಗೆ ಕಾಯಿಲೆಯಾಗಿ ಹಣದ ಅಡಚಣೆ ಬಂದಾಗ ಮಾತು ಎದ್ದಿತು. ಇಂದು ಆ ಅಣ್ಣ-ತಂಗಿ ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ತುಳಿಯುವುದಿಲ್ಲ. ಪಂಚಮಿಗೆ ತವರಿನಿಂದ ಕರೆ ಹೋಗುವುದಿಲ್ಲ. ಇಬ್ಬರೂ ಪ್ರಥಮ ಶ್ರೇಣಿಯ ಪದವೀಧರರು. ಸಂವಿಧಾನದ ಸಮಾನತೆಯ ವಿಧಿಯನ್ನು ಇಬ್ಬರೂ ಪರೀಕ್ಷೆಗಾಗಿ ಓದಿ ಉತ್ತೀರ್ಣರಾದವರೇ. ಅದು ತಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂಡುವ ವಿಷಯವೆಂದು ಪಾಠ ಹೇಳಿದವರೂ ತಿಳಿಸಲಿಲ್ಲ, ಮನೆಯವರೂ ತಿಳಿಸಲಿಲ್ಲ.

ಕನ್ನಡದ ಪತ್ರಿಕೆಯ ಬಗ್ಗೆ ಹೆಚ್ಚು ಬರೆಯಲು ಮನಸ್ಸು ಬರುವುದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ', ಹೊರಗಿನವರಿಗೆ 'ಬಳಕೆ ಕನ್ನಡ' ಎಂಬ ಪತ್ರಿಕೆಗಳಿವೆ. 2022ರ ಪಠ್ಯಕ್ರಮದ ನಾಲ್ಕು ವರ್ಷಗಳ 160 ಕ್ರೆಡಿಟ್ಟುಗಳಲ್ಲಿ ಅದರ ಪಾಲು ಒಂದಾಗಿತ್ತು. ಸಂವಿಧಾನಕ್ಕೂ ಒಂದು. ಊಟದ ಎಲೆಯ ತುದಿಗೆ ಬಡಿಸಿದ ಉಪ್ಪಿನಷ್ಟು. ಉಪ್ಪಿಲ್ಲದೆ ಊಟವಿಲ್ಲ, ನಿಜ. ಆದರೆ ಉಣ್ಣುವವನು ಅದನ್ನು ಅನ್ನಕ್ಕೆ ಬೆರೆಸಿಕೊಳ್ಳಬೇಕಲ್ಲ.

ಚಿತ್ತಾಪುರದ ಬಳಿ ನಾಗಾವಿ ಇದೆ. ನಾಗಾವಿ ಎಲ್ಲಮ್ಮನ ಜಾತ್ರೆಗೆ ಹೋಗದವರು ನಮ್ಮಲ್ಲಿ ಕಡಿಮೆ. ಅರವತ್ತು ಕಂಬದ ಗುಡಿಯನ್ನು ನೋಡಿದವರೂ ಇದ್ದಾರೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದ, 1058ರ, ಶಾಸನವೊಂದು ಅಲ್ಲಿ ದಂಡನಾಯಕ ಮಧುಸೂದನನು ನಡೆಸಿಕೊಂಡು ಬರಲು ಏರ್ಪಡಿಸಿದ ಘಟಿಕಾಸ್ಥಾನದ ವಿವರ ಕೊಡುತ್ತದೆ. ವೇದ ಓದುವ ವಿದ್ಯಾರ್ಥಿಗಳು ಇನ್ನೂರು, ಶಾಸ್ತ್ರ ಓದುವವರು ಐವತ್ತರಷ್ಟು. ವೇದಕ್ಕೆ ಮೂವರು ಅಧ್ಯಾಪಕರು. ಭಾಟ್ಟದರ್ಶನ, ಪ್ರಾಭಾಕರ ಮತ್ತು ವ್ಯಾಕರಣದ ನ್ಯಾಸಗಳಿಗೆ ಮೂವರು. ಇವರ ಜೊತೆಗೆ ಸರಸ್ವತೀ ಭಂಡಾರವನ್ನು ನೋಡಿಕೊಳ್ಳುವವರು ಆರು ಮಂದಿ. ಪಾಠ ಹೇಳುವವರು ಎಷ್ಟೋ ಪುಸ್ತಕ ಕಾಯುವವರೂ ಅಷ್ಟೇ! ಸಾವಿರಾರು ವಿದ್ಯಾರ್ಥಿಗಳಿರುವ ಇಂದಿನ ಕಾಲೇಜಿನಲ್ಲಿ ಒಬ್ಬ ಗ್ರಂಥಪಾಲಕನಿದ್ದರೆ ಪುಣ್ಯ. ಭಾಟ್ಟಮತ, ಪ್ರಾಭಾಕರಮತಗಳೆರಡೂ ಪರಸ್ಪರ ಒಪ್ಪದ ಪಂಥಗಳು. ಒಂದೇ ಸಂಸ್ಥೆ ಎರಡಕ್ಕೂ ಅಧ್ಯಾಪಕರನ್ನಿಟ್ಟು ಉಂಬಳಿ ಕೊಟ್ಟಿತ್ತು. ತನ್ನ ಮತವನ್ನು ಮಾತ್ರ ಓದಿದವನು ತನ್ನ ಮತವನ್ನೂ ಪೂರ್ತಿ ಅರಿಯಲಾರನೆಂಬುದು ಅವರಿಗೆ ಗೊತ್ತಿದ್ದಿರಬೇಕು.

ಆದರೆ ನಾಗಾವಿಯನ್ನು ಹೊಗಳಿ ಅಷ್ಟಕ್ಕೇ ನಿಲ್ಲಿಸಿದರೆ ಬಸವಾದಿ ಶರಣರ ಮಾರ್ಗದಲ್ಲಿ ನಡೆಯುವ ನಾವು ಅರ್ಧ ಸತ್ಯ ಹೇಳಿದಂತಾಗುತ್ತದೆ. ಆ ಘಟಿಕಾಸ್ಥಾನದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಮಾದಾರನ ಮಗನಿಗಾಗಲಿ, ಮಡಿವಾಳನ ಮಗಳಿಗಾಗಲಿ ಅಲ್ಲಿ ವೇದಪಾಠವಿದ್ದಿರಲಾರದು. ಅಲ್ಲಿಂದ ಒಂದು ಶತಮಾನ ಕಳೆದ ಮೇಲೆ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದವರು ಒಂದೆಡೆ ಕುಳಿತು ತಾವು ಆಡುವ ಕನ್ನಡದಲ್ಲಿಯೇ ತತ್ತ್ವವಿಚಾರ ಮಾಡಿದರು. ಅವರ ಕಾಯಕಗಳು ಬೇರೆ ಬೇರೆ. ಹಗ್ಗ ಹೊಸೆಯುವವನ ಅನುಭವದಿಂದ ದೋಣಿ ನಡೆಸುವವನು ಕಲಿತ. ಅಕ್ಕಿ ಆಯುವ ಹೆಣ್ಣುಮಗಳ ಪ್ರಶ್ನೆಗೆ ಪಂಡಿತರು ತಲೆದೂಗಿದರು. ಯಾರೂ ತಮ್ಮ ಕಾಯಕ ಬಿಟ್ಟು ಬರಲಿಲ್ಲ, ಯಾರೂ ತಮ್ಮ ಕಾಯಕದೊಳಗೇ ಮುಚ್ಚಿಕೊಂಡೂ ಕೂಡಲಿಲ್ಲ. ಸಾಮಾನ್ಯ ಶಿಕ್ಷಣವೆಂಬ ಮಾತಿನಲ್ಲಿರುವ 'ಸಾಮಾನ್ಯ'ಕ್ಕೆ ಎಲ್ಲ ವಿಷಯಗಳೆಂದೂ ಎಲ್ಲ ಜನರೆಂದೂ ಎರಡರ್ಥವನ್ನು ಕೊಟ್ಟವರು ಅವರು.

ಈ ಪರಂಪರೆಯನ್ನು ಹಿಂದಿನ ಶತಮಾನದಲ್ಲಿ ನಮ್ಮ ಮಠಗಳು ತಕ್ಕಮಟ್ಟಿಗೆ ಉಳಿಸಿಕೊಂಡಿದ್ದುವು. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿ ವಟುಗಳಿಗೆ ಸಂಸ್ಕೃತ, ಯೋಗ, ಸಂಗೀತ, ಆಯುರ್ವೇದಗಳ ಪರಿಚಯವಾಗುತ್ತಿತ್ತು. ಗೋಶಾಲೆಯ ಸೇವೆಯೂ ವಿಭೂತಿ ತಯಾರಿಸುವ ಕೆಲಸವೂ ಅಲ್ಲಿನ ಬದುಕಿನ ಭಾಗವಾಗಿದ್ದುವು. ತಾಡಓಲೆಗಳ ಸಂಗ್ರಹವೂ ಬೆಳೆಯಿತು. ಅಲ್ಲಿಂದ ಬಂದವರು ನಾಡಿನ ಮಠಗಳಿಗೆ ಸ್ವಾಮಿಗಳಾದರು, ಕೆಲವರು ಶಾಲೆಗಳನ್ನು ಕಟ್ಟಿದರು. ಅಂಧರಾದ ಪಂಚಾಕ್ಷರಿ ಗವಾಯಿಗಳು ಸಂಗೀತದಲ್ಲಿ ಬೆಳೆದುದು ಆ ಗುರುಗಳ ಕೃಪೆಯಿಂದಲೇ. ನಾನು ಓದಿದ ಪಾಠಶಾಲೆ ಅಷ್ಟು ದೊಡ್ಡದಲ್ಲ. ಆದರೂ ಬೆಳಿಗ್ಗೆ ಕೌಮುದಿಯ ಸೂತ್ರ ಒಪ್ಪಿಸಿದ ಮೇಲೆ ಮಧ್ಯಾಹ್ನ ದಾಸೋಹದ ಕಣಜದ ಜೋಳದ ಲೆಕ್ಕ ಬರೆಯಬೇಕಿತ್ತು. ಲೆಕ್ಕದಲ್ಲಿ ಸೇರು ತಪ್ಪಿದರೆ ಸೂತ್ರ ತಪ್ಪಿದಷ್ಟೇ ಏಟು. ವ್ಯಾಕರಣ ಓದುವವನಿಗೆ ಜೋಳದ ಲೆಕ್ಕವೇಕೆಂದು ಕೇಳುವ ಧೈರ್ಯ ನಮಗಿರಲಿಲ್ಲ. ಅಂದು ಕಲಿತ ಆ ಲೆಕ್ಕದಿಂದಲೇ ಮುಂದೆ ಟ್ರಸ್ಟಿನ ಜಮಾಖರ್ಚು ಓದುವಾಗ ಯಾರೂ ನನ್ನನ್ನು ಮರುಳುಮಾಡಲಾಗಲಿಲ್ಲ.

ಒಂದು ಆಕ್ಷೇಪಣೆಗೆ ಉತ್ತರ ಕೊಡಲೇಬೇಕು. ಬಡವರ ಮಕ್ಕಳಿಗೆ ಇಷ್ಟೊಂದು ಓದಲು ಬಿಡುವೆಲ್ಲಿದೆ? ಹಳ್ಳಿಯಿಂದ ಬಸ್ಸು ಹಿಡಿದು ಬರುವ ಹುಡುಗಿ ಸಂಜೆಯ ಬಸ್ಸು ತಪ್ಪಿದರೆ ಮನೆ ಸೇರಲಾರಳು. ಅವಳಿಗೆ ಮೂರು ವರ್ಷದಲ್ಲಿ ಪದವಿ ಮುಗಿದು ಕೈಗೊಂದು ಕೆಲಸ ಬೇಕು. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಯೋಚಿಸಿರಿ: ಅನುಕೂಲಸ್ಥರ ಮನೆಯಲ್ಲಿ ಕಾನೂನು, ಬ್ಯಾಂಕು, ಆಸ್ಪತ್ರೆಗಳ ವ್ಯವಹಾರ ತಿಳಿಸಿಕೊಡಲು ಚಿಕ್ಕಪ್ಪನೋ ಸೋದರಮಾವನೋ ಇರುತ್ತಾನೆ. ಬಡವರ ಮಗಳಿಗೆ ಅದೆಲ್ಲ ಸಿಗುವುದು ಕಾಲೇಜಿನ ಆ ಒಂದು ಗಂಟೆಯಲ್ಲಿಯೇ. ಅವಳಿಗೆಂದೇ ಆ ಪತ್ರಿಕೆ ಹೆಚ್ಚು ಬೇಕು. ಅವಳಿಗೆಂದೇ ಅದನ್ನು ಚೆನ್ನಾಗಿ ಕಲಿಸಬೇಕು. ಹೊರೆಯೆನಿಸುವುದು ಕಲಿಸುವವರಿಲ್ಲದೆ ಪರೀಕ್ಷೆ ಮಾತ್ರ ಇದ್ದಾಗ. ಆಡಳಿತ ಮಂಡಳಿಗಳಲ್ಲಿ ನಮ್ಮ ಸಮಾಜದ ಹಿರಿಯರು ಬಹಳ ಮಂದಿ ಇದ್ದಾರೆ. ಕಟ್ಟಡಕ್ಕೆ ಇನ್ನೊಂದು ಮಹಡಿ ಏರಿಸುವ ಮೊದಲು ಈ ಪಾಠಗಳಿಗೆ ಕಾಯಂ ಅಧ್ಯಾಪಕರೊಬ್ಬರನ್ನು ನೇಮಿಸುವ ವಿಚಾರವನ್ನು ಅವರು ಮಾಡುವುದು ಯುಕ್ತ.

ಮಠಗಳಿಂದಲೂ ಆಗುವ ಕೆಲಸವಿದೆ. ಶ್ರಾವಣದಲ್ಲಿ ತಿಂಗಳುದ್ದಕ್ಕೂ ಪುರಾಣ ಪ್ರವಚನ ನಡೆಯುತ್ತದೆ. ನಾಲ್ಕು ಸೋಮವಾರಗಳ ಪುರಾಣಕ್ಕೆ ಚ್ಯುತಿ ಬಾರದಂತೆ ನಾಲ್ಕು ಭಾನುವಾರಗಳ ಸಂಜೆಯನ್ನು ಕಾಲೇಜಿನ ಮಕ್ಕಳಿಗೆ ಬಿಟ್ಟುಕೊಡಬಹುದು. ಕಾರ್ಖಾನೆಯ ಪ್ರಯೋಗಾಲಯದಲ್ಲಿ ದುಡಿಯುವ ಭಕ್ತರೊಬ್ಬರು ಸುಣ್ಣದಕಲ್ಲಿನ ಲೆಕ್ಕ ಹೇಳಲಿ; ವಕೀಲರೊಬ್ಬರು ಹೆಣ್ಣುಮಕ್ಕಳ ಪಾಲಿನ ವಿಷಯ ತಿಳಿಸಲಿ, ಆ ದಿನ ಅಣ್ಣ-ತಮ್ಮಂದಿರೂ ಬಂದು ಕೂಡಲಿ. ಗಣಿತದ ಉಪನ್ಯಾಸಕರಿಗೆ ಮಹಾವೀರಾಚಾರ್ಯನ ಒಂದು ಲೆಕ್ಕ ಬಿಡಿಸಿ ತೋರಿಸಲು ಕರೆಯಬೇಕು. ನಾಲ್ಕನೆಯ ಭಾನುವಾರ ಎಲ್ಲರೂ ಕೂಡಿ ಬುತ್ತಿ ಕಟ್ಟಿಕೊಂಡು ನಾಗಾವಿಗೆ ಹೋಗಿ ಬರಬಹುದು. ಹೋಗುವವರು ಮುಂಜಾನೆಯೇ ಹೊರಡಿರಿ. ಇಳಿಬಿಸಿಲಿನಲ್ಲಿ ಕಲ್ಲಿನ ಮೇಲಿನ ಅಕ್ಷರಗಳ ನೆರಳು ಚೆನ್ನಾಗಿ ಬೀಳುವುದು ನಿಜವಾದರೂ, ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದವರು ಹೊತ್ತು ಮುಳುಗುವ ಮೊದಲೇ ಊರು ಸೇರಬೇಕಷ್ಟೆ. ಹಳಗನ್ನಡ ಲಿಪಿ ಓದಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯುವುದನ್ನು ಮರೆಯಬೇಡಿರಿ. ಅಂಥವರು ಸಿಗದಿದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ, ಕಾಲಿನಲ್ಲಿ ಶಕ್ತಿ ಇರುವವರೆಗೆ ನಾನೇ ಬರುತ್ತೇನೆ.